ಅವ್ವನ ಪಾಳಿ ಬರುವ ತನಕ

ಬಯಾಪ್ಸಿ ರಿಪೋರ್ಟ್ ಕೈಗೆ ಬಂದ ದಿನದಿಂದ ಮೊದಲ ಕರೆಂಟ್ ಸಿಗುವ ತನಕ ನಮಗೆ 38 ದಿನ ಹಿಡಿಯಿತು. ನಮ್ಮ ಕಡೆ ರೇಡಿಯೇಷನ್‌ಗೆ ಎಲ್ಲರೂ ಕರೆಂಟ್ ಅಂತಲೇ ಅನ್ನುತ್ತಾರೆ. ಅವ್ವನಿಗೆ ಗರ್ಭಕೊರಳಿನ ಕ್ಯಾನ್ಸರ್. ಊರು ಆಳಂದ ತಾಲ್ಲೂಕಿನ ಒಂದು ಹಳ್ಳಿ, ಚಿಕಿತ್ಸೆ ಕಲಬುರಗಿಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ.

ಮೊದಲ ಎರಡು ವಾರ ನಾವು ಸುಮ್ನೆ ಕೂತೆವು. ಪಾಳಿ ಬಂದಾಗ ಕರೀತಾರೆ ಅಂದುಕೊಂಡಿದ್ದೆ. ಕೌಂಟರಿಗೆ ಹೋಗಿ "ಯಾವಾಗ ಸಾರ್?" ಅಂತ ಕೇಳುವುದು, "ಫೋನ್ ಬರ್ತದ" ಅನ್ನಿಸಿಕೊಂಡು ವಾಪಸ್ ಬರುವುದು, ಇಷ್ಟೇ. ಒಬ್ಬ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಯಾವಾಗ ಅಂತ ಕೇಳಬ್ಯಾಡ. ಫೈಲ್ ಈಗ ಎಲ್ಲಿದೆ, ಏನು ಬಾಕಿ ಇದೆ ಅಂತ ಕೇಳು." ಆವತ್ತೇ ಗೊತ್ತಾಯಿತು, ಮಷೀನಿನ ಪಾಳಿಯಲ್ಲಿ ಅವ್ವನ ಹೆಸರೇ ಇರಲಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಮಂಜೂರಾತಿಯೇ ಆಗಿರಲಿಲ್ಲ. ಆಧಾರ್‌ನಲ್ಲಿ ಅವ್ವನ ಹೆಸರು 'ಬಾಯಿ' ಅಂತ ಮುಗಿಯುತ್ತದೆ, ರೇಷನ್ ಕಾರ್ಡಿನಲ್ಲಿ 'ಅಮ್ಮ' ಅಂತ. ಎರಡಕ್ಷರಕ್ಕೆ ಹದಿನಾಲ್ಕು ದಿನ ಹೋಯಿತು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಬಿಪಿಎಲ್ ಕಾರ್ಡ್ ಇದ್ದರೆ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಈ ಯೋಜನೆಯಲ್ಲಿ ಚಿಕಿತ್ಸೆ ಸಿಗುತ್ತದೆ. ಆದರೆ ಎರಡು ಕಾರ್ಡಿನ ಹೆಸರು ಹೊಂದಬೇಕು. ರೋಗ ಗೊತ್ತಾದ ದಿನವೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ತಪ್ಪಿದ್ದರೆ ಆಸ್ಪತ್ರೆಯಲ್ಲಿ ಈ ಯೋಜನೆಯ ಕಾಗದಪತ್ರ ನೋಡಿಕೊಳ್ಳುವ ಆರೋಗ್ಯ ಮಿತ್ರರನ್ನು ಅವತ್ತೇ ಕಾಣಿ. ಇನ್ನೊಂದು ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಆ ಚಿಕಿತ್ಸೆ ಸಿಗದಿದ್ದರೆ, ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ ರೆಫರಲ್ ಚೀಟಿ ಕೇಳಬಹುದು. ಕೇಳುವುದರಲ್ಲಿ ಸಂಕೋಚ ಬೇಡ.

ಮಂಜೂರಾತಿ ಆದ ಮೇಲೂ ಕಾಯುವುದು ಇದ್ದೇ ಇತ್ತು. ಆದರೆ ಆ ದಿನಗಳನ್ನು ನಾವು ಹಾಳು ಮಾಡಲಿಲ್ಲ. ಅವ್ವನಿಗೆ ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ 7.8ಕ್ಕೆ ಇಳಿದಿತ್ತು. ರಕ್ತ ಕಡಿಮೆ ಇದ್ದರೆ ಈ ಕ್ಯಾನ್ಸರಿಗೆ ಕರೆಂಟ್ ಸರಿಯಾಗಿ ಹತ್ತುವುದಿಲ್ಲ, 10ಕ್ಕಿಂತ ಮೇಲೆ ಇರಲಿ ಅಂತ ಡಾಕ್ಟರು ಹೇಳಿದರು. ಎರಡು ಬಾಟಲಿ ರಕ್ತ ಹಾಕಿಸಿದೆವು. ನನ್ನ ತಮ್ಮ, ಅವನ ಗೆಳೆಯ ಬಂದು ರಕ್ತ ಕೊಟ್ಟರು. ಮನೆಯಲ್ಲಿ ಕಬ್ಬಿಣದ ಮಾತ್ರೆ, ನುಗ್ಗೆ ಸೊಪ್ಪು, ಶೇಂಗಾ ಹಿಂಡಿ, ಮೊಟ್ಟೆ. ಊಟದ ಜೊತೆಗಿನ ಚಹಾ ಬಿಡಿಸಿದೆ, ಚಹಾ ಕುಡಿದರೆ ಕಬ್ಬಿಣದಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅವ್ವನಿಗೆ ಮಾತ್ರೆಗಿಂತ ಇದೇ ಜಾಸ್ತಿ ಕಷ್ಟವಾಯಿತು. ಪಾಳಿ ಬರುವ ಹೊತ್ತಿಗೆ 10.4 ಇತ್ತು. ಕೀಮೋಗೆ ಮುಂಚೆ ಬೇಕಾದ ಕಿಡ್ನಿ ಟೆಸ್ಟೂ ಆಗಿತ್ತು. ಪಾಳಿ ಬಂದ ದಿನ ರಕ್ತ ಕಡಿಮೆ ಅಂತ ವಾಪಸ್ ಹೋದವರನ್ನು ಅಲ್ಲಿ ನೋಡಿದ್ದೇನೆ.

ಹೊರಗಿನ ಕರೆಂಟ್ 25 ಸಲ. ವಾರಕ್ಕೆ ಐದು ದಿನ, ಜೊತೆಗೆ ವಾರಕ್ಕೊಂದು ಕೀಮೋ. ಆಮೇಲೆ ಒಳಗಿನ ಕರೆಂಟ್, ಅಂದರೆ ಗರ್ಭಕೊರಳಿನ ಹತ್ತಿರ ನಳಿಕೆ ಇಟ್ಟು ಒಳಗಿಂದಲೇ ಕೊಡುವುದು. ದಿನಾ ಬೆಳಗಿನ ಬಸ್ಸು. 2023ರಿಂದ ಶಕ್ತಿ ಯೋಜನೆ ಇರುವುದರಿಂದ ಇಬ್ಬರಿಗೂ ಟಿಕೆಟ್ ದುಡ್ಡಿಲ್ಲ. ಅದಿಲ್ಲದಿದ್ದರೆ ಅವ್ವ ನಾಲ್ಕನೇ ದಿನವೇ "ಸಾಕು ಬಿಡು" ಅನ್ನುತ್ತಿದ್ದಳು.

ಯಾರೂ ಮೊದಲೇ ಹೇಳದ ತೊಂದರೆ ಎಂದರೆ ಮೂತ್ರದ್ದು. ಕರೆಂಟ್ ಕೊಡುವಾಗ ಮೂತ್ರಚೀಲ ತುಂಬಿರಬೇಕು. ತುಂಬಿದ್ದರೆ ಸಣ್ಣ ಕರುಳು ಮೇಲೆ ಸರಿಯುತ್ತದೆ, ಕರುಳಿಗೆ ಪೆಟ್ಟು ಕಡಿಮೆ. ಒಂದು ದಿನ ಅವ್ವ ಬಸ್ಸಿಳಿದ ಕೂಡಲೇ ಒಂದು ಬಾಟಲಿ ನೀರು ಕುಡಿದಳು. ಅವತ್ತು ಮಷೀನ್ ತಡ. ಒಂದೂವರೆ ತಾಸು ಬೆಂಚಿನ ತುದಿ ಹಿಡಿದು ಕೂತಳು, ಕೊನೆಗೆ ತಡೆಯಲಾಗದೆ ಎದ್ದು ಹೋದಳು. ಮತ್ತೆ ಕುಡಿ, ಮತ್ತೆ ಕಾಯಿ. ಎಲ್ಲರ ಮುಂದೆ ಅತ್ತುಬಿಟ್ಟಳು. ಮರುದಿನದಿಂದ ನಾನು ಮೊದಲು ಟೆಕ್ನಿಷಿಯನ್ ಹತ್ತಿರ ಹೋಗಿ, ನಮಗಿಂತ ಮುಂದೆ ಎಷ್ಟು ಜನ ಇದ್ದಾರೆ ಅಂತ ಕೇಳುತ್ತಿದ್ದೆ. ಮೂರು ಜನ ಉಳಿದಾಗ ಕುಡಿಸಿ ಅಂದರು. ಅರ್ಧ ಲೀಟರ್, ದಿನಾ ಅದೇ ಬಾಟಲಿ, ಅಳತೆ ತಪ್ಪಬಾರದು. ಆಮೇಲೆ ಆ ಕಷ್ಟ ಬರಲಿಲ್ಲ. ನೋಡಿ, ಬೆಂಚಿನ ಮೇಲಿದ್ದ ಉಳಿದ ಹೆಂಗಸರೂ ಹೀಗೇ ಮಾಡತೊಡಗಿದರು.

ಮೂರನೇ ವಾರ ಮಷೀನ್ ಕೆಟ್ಟು ಎರಡು ದಿನ ತಪ್ಪಿತು. ಈ ಚಿಕಿತ್ಸೆ ಒಳಗಿನದೂ ಸೇರಿ ಎಂಟು ವಾರದಲ್ಲಿ ಮುಗಿದರೆ ಒಳ್ಳೆಯದು. ತಪ್ಪಿದ ದಿನಗಳನ್ನು ಯಾವಾಗ ತುಂಬಿಸಿಕೊಡುತ್ತೀರಿ ಅಂತ ನಾನೇ ಕೇಳಿದೆ. ಎರಡು ಶನಿವಾರ ಕರೆದರು. ಹಬ್ಬ, ಮದುವೆ ಅಂತ ನಾವು ಒಂದು ದಿನವೂ ತಪ್ಪಿಸಲಿಲ್ಲ. ಅಕ್ಕನ ಮಗನ ಮದುವೆಯ ದಿನ ಅವ್ವ ಮೊದಲು ಕರೆಂಟಿಗೆ ಬಂದು, ಅಕ್ಕಿಕಾಳಿಗೆ ಆಮೇಲೆ ಹೋದಳು.

ಭೇದಿ ಶುರುವಾದಾಗ ರೊಟ್ಟಿ, ಸೊಪ್ಪು ನಿಲ್ಲಿಸಿ ಮೊಸರನ್ನ, ಮಜ್ಜಿಗೆ ಕೊಟ್ಟೆ. ಜ್ವರ 100.4 ಡಿಗ್ರಿ ದಾಟಿದರೆ ಪಾಳಿ ಕಾಯಬೇಡಿ, ರಾತ್ರಿಯಾದರೂ ಕರಕೊಂಡು ಬನ್ನಿ ಎಂದಿದ್ದರು. ಒಂದು ಸಲ ಹಾಗೇ ಹೋದೆವು.

ಮೊದಲ ಕರೆಂಟಿನಿಂದ 51ನೇ ದಿನಕ್ಕೆ ಎಲ್ಲ ಮುಗಿಯಿತು. ಸ್ಕ್ಯಾನ್ ಮಾತ್ರ ಮೂರು ತಿಂಗಳು ಬಿಟ್ಟು ಮಾಡುತ್ತಾರೆ. ಅದಕ್ಕಿಂತ ಮುಂಚೆ ಮಾಡಿದರೆ ಕರೆಂಟಿನ ಊತ ಯಾವುದು, ಗಡ್ಡೆ ಯಾವುದು ಅಂತ ಸರಿಯಾಗಿ ತಿಳಿಯುವುದಿಲ್ಲವಂತೆ. ಈಗ ಅದಕ್ಕೆ ಕಾಯುತ್ತಿದ್ದೇವೆ. ಅವ್ವ ಹೊಲಕ್ಕೆ ಹೋಗಿ ತೊಗರಿ ನೋಡಿ ಬರುತ್ತಾಳೆ. ಊಟವಾಗಿ ಒಂದು ತಾಸು ಬಿಟ್ಟು ಚಹಾ ಕುಡಿಯುತ್ತಾಳೆ.