ಅಳತೆ ತಗೊಳ್ಳುವಾಗ ಕೇಳಿಸಿದ್ದು

ತುಮಕೂರಿನಲ್ಲಿ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಹೆಂಗಸರ ಬಟ್ಟೆ ಹೊಲೀತಿದೀನಿ. ಮೇ ಕೊನೆಗೆ ಯೂನಿಫಾರ್ಮಿನ ಗಲಾಟೆ ಶುರು. ಹನ್ನೊಂದು, ಹನ್ನೆರಡು ವರ್ಷದ ಹುಡುಗಿಯರನ್ನು ಕರ್ಕೊಂಡು ಅಮ್ಮಂದಿರು ಬರ್ತಾರೆ. ನಾನು ಟೇಪು ಹಿಡಿಯೋ ಮೊದಲೇ ಅವರ ಮಾತು ಶುರುವಾಗಿರುತ್ತೆ. "ಹೋದ ವರ್ಷದ್ದು ಒಂದೂ ಆಗ್ತಿಲ್ಲ ಅಕ್ಕ. ನೋಡಿ ಹೆಂಗೆ ಊದಿದಾಳೆ."

ಆ ಮಾತು ಬಿದ್ದ ಕೂಡಲೇ ಹುಡುಗಿ ಉಸಿರು ಎಳ್ಕೊಂಡು ಹೊಟ್ಟೆ ಒಳಗೆ ತಗೋತಾಳೆ. ಇಪ್ಪತ್ತೆಂಟು ಇಂಚಿನ ಸೊಂಟ ಇಪ್ಪತ್ತಾರೂವರೆ ಆಗುತ್ತೆ. ನಾನು ಅದನ್ನೇ ಬರ್ಕೊಂಡು ಹೊಲೀತಿದ್ದೆ. ಟಾಪು ಬಿಗಿಯಾಗಿ ವಾಪಸ್ ಬರ್ತಿತ್ತು. ತಪ್ಪು ನನ್ನ ತಲೆಗೆ, ಬಿಚ್ಚಿ ಹೊಲಿಯೋ ಕೆಲಸ ಬೇರೆ. ನಿಜ ಹೇಳ್ಬೇಕಂದ್ರೆ ನನಗೆ ಮೊದಲು ಯೋಚನೆ ಹತ್ತಿದ್ದು ಆ ಹುಡುಗಿಯರ ಮನಸ್ಸಿನ ಬಗ್ಗೆ ಅಲ್ಲ, ನನ್ನ ಅಳತೆ ಕೆಡ್ತಿತ್ತಲ್ಲ, ಅದಕ್ಕೆ.

ಹಂಗಾಗಿ ಪದ್ಧತಿ ಬದಲಾಯಿಸಿದೆ. ಅಮ್ಮನಿಗೆ ಕುರ್ಚಿ ಕೊಟ್ಟು ಬಟ್ಟೆಯ ಕಟ್ಟು ಬಿಚ್ಚಿ ನೋಡೋಕೆ ಬಿಡ್ತೀನಿ. ಹುಡುಗಿಗೆ ಯಾವ ಕ್ಲಾಸು, ಯಾವ ಆಟ ಅಂತ ಏನಾದ್ರೂ ಕೇಳ್ತೀನಿ. ಉತ್ತರ ಹೇಳ್ತಾ ಹೇಳ್ತಾ ಉಸಿರು ತಾನಾಗೇ ಬಿಡ್ತಾಳೆ, ಆವಾಗ ಟೇಪು ಸುತ್ತಿಬಿಡಬೇಕು. ಮುಂಚೆ ನಾನು ನಂಬರ್ ಕೂಗಿ ಹೇಳಿ ಅಮ್ಮನ ಕೈಲಿ ಬರೆಸ್ತಿದ್ದೆ. ಈಗ ಕೂಗಲ್ಲ, ನಾನೇ ಬರ್ಕೋತೀನಿ. "ದಪ್ಪ ಆಗಿದಾಳೆ" ಅಂದ್ರೆ "ಬಟ್ಟೆ ಚಿಕ್ಕದಾಗಿದೆ ಬಿಡಿ" ಅಂತೀನಿ. ಪಕ್ಕದ ಹೊಲಿಗೆಯಲ್ಲಿ ಎರಡಿಂಚು ಬಟ್ಟೆ ಒಳಗೆ ಬಿಟ್ಟು, ಕೊಡುವಾಗ ತಿರುಗಿಸಿ ತೋರಿಸ್ತೀನಿ. "ಬೆಳೆಯೋ ಮೈ, ಆರು ತಿಂಗಳಿಗೆ ಬೇಕಾಗುತ್ತೆ."

ಇದು ಸಮಾಧಾನಕ್ಕೆ ಹೇಳೋ ಮಾತೂ ಅಲ್ಲ. ಎಂಟರಿಂದ ಹದಿಮೂರರೊಳಗೆ ಎದೆ ಮೊಳೆಯುತ್ತೆ, ಅಲ್ಲಿಂದ ಸುಮಾರು ಎರಡು, ಎರಡೂವರೆ ವರ್ಷಕ್ಕೆ ಮುಟ್ಟು. ಆ ನಡುವೆ ಎತ್ತರ ಓಡುತ್ತೆ, ತೊಡೆ, ಪೃಷ್ಠದ ಮೇಲೆ ಕೊಬ್ಬು ಕೂರುತ್ತೆ. ಕೂರಲೇಬೇಕು. ನನ್ನ ಅಳತೆ ಪುಸ್ತಕದಲ್ಲಿ ಎಷ್ಟೋ ಹುಡುಗಿಯರ ಆ ಎರಡು ವರ್ಷ ಸಾಲುಸಾಲಾಗಿದೆ.

ಬಣ್ಣದ ಮಾತು ಇನ್ನೂ ಕಷ್ಟ. ನಾನು ಕಪ್ಪು. ನಮ್ಮಮ್ಮ ಭಾನುವಾರ ಭಾನುವಾರ ಕಡಲೆಹಿಟ್ಟು, ಕೆನೆ ಕಲಸಿ ತಿಕ್ಕೋರು. ಹಬ್ಬಕ್ಕೆ ಬಟ್ಟೆ ತರೋಕೆ ಹೋದ್ರೆ "ಕೆಂಪು ಇವಳಿಗೆ ಒಪ್ಪಲ್ಲ" ಅಂತ ಅಂಗಡಿಯವನಿಗೇ ಹೇಳೋರು. ದ್ರೌಪದಿಯ ಚೆಲುವಿನ ಕಥೆ ಕೇಳುವಾಗ ಮಾತ್ರ ಕಣ್ಣರಳಿಸೋರು. ಮೈ ಕಪ್ಪಿದ್ದಕ್ಕೇ ಅವಳಿಗೆ ಕೃಷ್ಣೆ ಅನ್ನೋ ಹೆಸರು ಬಂದಿದ್ದು ಅಂತ ಆಮೇಲೆ ಗೊತ್ತಾಗಿ ನಕ್ಕೆ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯ್ತು. ನನ್ನ ಕೋಣೆಗೆ ಬರೋ ಅಮ್ಮಂದಿರ ಬಾಯಲ್ಲಿ ಅದು ಇನ್ನೂ ಫೇರೇ.

ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಕಪ್ಪು ಹುಡುಗಿಗೆ ಗಂಡು ಸಿಗಲ್ಲ ಅನ್ನೋ ಭಯ ಅವರದ್ದು. ಆದ್ರೆ ನಲವತ್ತು ದಾಟೋವರೆಗೂ ನಾನು ಬೂದಿ, ಕಂದು ಬಿಟ್ಟು ಬೇರೆ ರವಿಕೆ ಹೊಲ್ಕೊಳ್ಳಲಿಲ್ಲ. ಊರಿಗೆಲ್ಲ ಬಣ್ಣ ಆರಿಸಿ ಕೊಡೋಳು ನಾನು!

ಇಷ್ಟೆಲ್ಲ ತಿಳಿದೂ ಮನೆಯಲ್ಲಿ ಎಡವಿದೆ. ಮಗಳಿಗೆ ಒಂದು ದಿನವೂ ಕಪ್ಪು, ದಪ್ಪ ಅಂದೋಳಲ್ಲ, ಅದರ ಹೆಮ್ಮೆ ಬೇರೆ ಇತ್ತು. ಹೋದ ವರ್ಷ ಮದುವೆಯೊಂದಕ್ಕೆ ಲಂಗ ಬ್ಲೌಸ್ ಹೊಲಿಯೋಕೆ ಕೂತಾಗ, ಗಿಡ್ಡ ತೋಳು ಇಡ್ಲಾ ಅಂದೆ. "ಬೇಡಮ್ಮ, ನಮ್ಮ ತೋಳಿಗೆ ಅದೆಲ್ಲ ಅಸಹ್ಯ" ಅಂದಳು. 'ನಮ್ಮ' ಅಂದಳು. ಅದು ನನ್ನದೇ ಮಾತು. ಸೀರೆ ಉಟ್ಟು ಬೀರುವಿನ ಕನ್ನಡಿ ಮುಂದೆ ನಿಂತಾಗಲೆಲ್ಲ ನನಗೆ ನಾನೇ ಹೇಳ್ಕೊಳ್ತಿದ್ದದ್ದು. ಅವಳು ಹಿಂದೆ ಮಂಚದ ಮೇಲೆ ಕೂತು ಹೋಂವರ್ಕ್ ಮಾಡ್ತಿದ್ದಳು.

ಆಮೇಲೆ ಉಪದೇಶ ಮಾಡೋಕೆ ಹೋಗಲಿಲ್ಲ. ಹದಿನಾಲ್ಕಕ್ಕೆ ಯಾರ ಉಪದೇಶ ಹತ್ತುತ್ತೆ? ಕನ್ನಡಿ ಮುಂದೆ ಬಾಯಿ ಮುಚ್ಕೊಂಡಿರೋದು ಕಲಿತೆ. ಮೊದಮೊದಲು ನಾಲಿಗೆ ತುದಿಗೆ ಬಂದದ್ದನ್ನ ನುಂಗಬೇಕಿತ್ತು, ಕೆಲವು ಸಲ ಜಾರಿಯೂ ಹೋಗ್ತಿತ್ತು. ಒಂದು ಕುಂಕುಮದ ಬಣ್ಣದ ರವಿಕೆ, ತೋಳು ಐದಿಂಚು, ನನಗೇ ಹೊಲ್ಕೊಂಡು ಸಂತೆಗೂ ಹಾಕ್ಕೊಂಡು ಹೋದೆ. ಮಗಳು ನೋಡಿದಳು, ಏನೂ ಅನ್ನಲಿಲ್ಲ.

ಈ ಯುಗಾದಿಗೆ ಅವಳ ಬ್ಲೌಸ್ ಅಳತೆ ತಗೊಳ್ಳುವಾಗ "ತೋಳು ಎಷ್ಟು?" ಅಂದೆ. "ಆರು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಬೇಡ, ಎಂಟು."

ಎಂಟು ಅಂತಲೇ ಬರ್ಕೊಂಡೆ.