ಸೋಲುತ್ತಿರುವ ತಂಡಕ್ಕೆ ಲೋನ್ ಮೇಲೆ ಬಂದ ಡಿಫೆಂಡರ್ ಮೊದಲು ಏನು ಮಾಡಬೇಕು

ಪಾಯಿಂಟ್ಸ್ ಪಟ್ಟಿಯ ತಳದಲ್ಲಿರುವ ಫುಟ್‌ಬಾಲ್ ಕ್ಲಬ್ಬಿಗೆ ಲೋನ್ ಮೇಲೆ, ಅಂದರೆ ಮೂಲ ಕ್ಲಬ್ಬಿನಿಂದ ಎರವಲಾಗಿ, ಮೂರ್ನಾಲ್ಕು ತಿಂಗಳಿಗೆಂದು ಬಂದ ಸೆಂಟರ್ ಬ್ಯಾಕ್‌ಗೆ (ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್) ತಂಡದ ಆಟವನ್ನೇ ಬದಲಿಸುವಷ್ಟು ಸಮಯ ಸಿಗುವುದಿಲ್ಲ. ಗೋಲ್ ಕೀಪರ್ ಮತ್ತು ಪಕ್ಕದ ಸೆಂಟರ್ ಬ್ಯಾಕ್ ಜೊತೆ ಬೇಗ ಹೊಂದಿಕೊಂಡರೆ ಅರ್ಧ ಕೆಲಸ ಆದಂತೆ.

ತಂಡ ಬಿಟ್ಟುಕೊಟ್ಟ ಕೊನೆಯ ಹತ್ತು ಗೋಲುಗಳ ವಿಡಿಯೊ ಮೊದಲು ನೋಡಿ. ಗೋಲು ಹೊಡೆದವನನ್ನು ಬಿಡಿ. ಅದಕ್ಕೂ ಎರಡು ಪಾಸ್ ಮುಂಚೆ ಯಾರು ಎಲ್ಲಿ ನಿಂತಿದ್ದರು ಬರೆದುಕೊಳ್ಳಿ. ಒಂದೇ ತಪ್ಪು ಮೂರು ಸಲ ಕಂಡರೆ ಮೊದಲ ವಾರದ ಅಭ್ಯಾಸ ಅದರ ಮೇಲೆಯೇ ಇರಲಿ.

ಮೈದಾನದಲ್ಲಿ ಕೂಗುವ ಮಾತುಗಳನ್ನು ಮೊದಲ ದಿನವೇ ಗೊತ್ತು ಮಾಡಿಕೊಳ್ಳಿ. 'ಮೇಲೆ' (ಮುಂದೆ ಸರಿಯಿರಿ), 'ಹಿಂದೆ' (ಹಿಂದೆ ಸರಿಯಿರಿ), 'ಕೀಪರ್' (ಚೆಂಡು ಕೀಪರ್‌ಗೆ ಬಿಡಿ), ಇಷ್ಟು ಸಾಕು. ಬರೀ 'ನಂದು' ಎನ್ನುವ ಬದಲು ನಿಮ್ಮ ಹೆಸರು ಕೂಗಿ. ಎದುರಾಳಿಯ ಗಮನ ಕೆಡಿಸಲು ಕೂಗಿದಿರಿ ಎಂದು ರೆಫರಿಗೆ ಅನಿಸಿದರೆ ಹಳದಿ ಕಾರ್ಡ್ ಬರುತ್ತದೆ.

ನಿಜವಾದ ಕಾಯಿಲೆ ಇರುವುದು ಲೈನ್‌ನಲ್ಲಿ, ಅಂದರೆ ಡಿಫೆಂಡರ್‌ಗಳು ಅಡ್ಡಲಾಗಿ ನಿಲ್ಲುವ ಸಾಲಿನಲ್ಲಿ. ಸೋತು ಸೋತು ಹೆದರಿದ ಡಿಫೆನ್ಸ್ ತನಗರಿವಿಲ್ಲದೆ ಹಿಂದಕ್ಕೆ ಸರಿಯುತ್ತದೆ. ಮಿಡ್‌ಫೀಲ್ಡರ್‌ಗಳು ಅತ್ತ ಚೆಂಡಿನ ಹಿಂದೆ ಓಡಿರುತ್ತಾರೆ. ನಡುವೆ 25 ಮೀಟರ್ ಖಾಲಿ ಬಿದ್ದರೆ ಎದುರಾಳಿ ಅಲ್ಲಿ ಆರಾಮಾಗಿ ಚೆಂಡು ಪಡೆದು ತಿರುಗುತ್ತಾನೆ. ಅದು 10–15 ಮೀಟರ್ ಮೀರದಂತೆ ನೋಡಿಕೊಳ್ಳಿ. ಎದುರಾಳಿ ಚೆಂಡನ್ನು ತನ್ನ ಹಿಂದಕ್ಕೆ ಪಾಸ್ ಮಾಡಿದನೋ, ನಾಲ್ವರು ಡಿಫೆಂಡರ್‌ಗಳೂ ಒಟ್ಟಿಗೆ ಐದಾರು ಹೆಜ್ಜೆ ಮುಂದೆ. ಒಬ್ಬ ಫುಲ್ ಬ್ಯಾಕ್ (ಅಂಚಿನ ಡಿಫೆಂಡರ್) ಹಿಂದೆ ಉಳಿದರೂ ಲೈನ್ ದಾಟಿ ನಿಂತ ಎದುರಾಳಿಯ ವಿರುದ್ಧ ಆಫ್‌ಸೈಡ್ ಸಿಗುವುದಿಲ್ಲ. ಚೆಂಡಿರುವವನ ಮೇಲೆ ಯಾರ ಒತ್ತಡವೂ ಇಲ್ಲ, ಅವನು ತಲೆ ಎತ್ತಿ ಕಾಲು ಹಿಂದಕ್ಕೆಳೆದ ಎಂದರೆ ಕಾಯಬೇಡಿ. ಸೊಂಟ ಅರ್ಧ ತಿರುಗಿಸಿ ಆಗಲೇ ಹಿಂದೆ ಓಡಿ; ಚೆಂಡು ಗಾಳಿಗೇರಿದ ಮೇಲೆ ತಿರುಗಿದರೆ ಎರಡು ಹೆಜ್ಜೆ ತಡ.

ಕ್ರಾಸ್ (ಮೈದಾನದ ಅಂಚಿನಿಂದ ಗೋಲಿನ ಮುಂದಕ್ಕೆ ಹೊಡೆದ ಚೆಂಡು) ಬರುವಾಗ ಬರೀ ಚೆಂಡನ್ನೇ ನೋಡುತ್ತಾ ನಿಂತರೆ ಸ್ಟ್ರೈಕರ್ ಬೆನ್ನ ಹಿಂದೆ ಮಾಯವಾಗುತ್ತಾನೆ. ಮೈ ಓರೆ ಮಾಡಿ ನಿಂತರೆ ಚೆಂಡೂ ಅವನೂ ಒಟ್ಟಿಗೆ ಕಾಣುತ್ತಾರೆ. ಮುಂಗೈ ಅವನಿಗೆ ತಾಗುತ್ತಿರಲಿ, ಆದರೆ ಜೆರ್ಸಿ ಹಿಡಿಯಬೇಡಿ. ಹೆಡ್ ಮಾಡುವಾಗ ಚೆಂಡಿನ ಕೆಳ ಅರ್ಧಕ್ಕೆ ಹಣೆ ತಾಗಿಸಿ, ಎತ್ತರವಾಗಿ ಸೈಡ್‌ಲೈನ್ ಕಡೆ ಕಳಿಸಿ. ನೇರ ಮುಂದಕ್ಕೆ ಹೋದರೆ ಪೆನಾಲ್ಟಿ ಬಾಕ್ಸ್ ಅಂಚಿನಲ್ಲಿ ಕಾದವನ ಕಾಲಿಗೇ ಬೀಳುತ್ತದೆ. ಕಾರ್ನರ್‌ಗಳಲ್ಲಿ ಅಲ್ಲೊಬ್ಬ ನಿಮ್ಮವನೂ ಇರಲೇಬೇಕು.

ಚೆಂಡು ನಿಮ್ಮ ಕಾಲಲ್ಲಿದ್ದಾಗ ಸ್ವಂತ ಗೋಲಿನ ಮುಂದೆ ಅಡ್ಡ ಪಾಸ್ ಬೇಡ. ಗೋಲು ಬಿಟ್ಟುಕೊಟ್ಟ ಬೆನ್ನಿಗೇ ಇನ್ನೊಂದು ಬೀಳಲು ಇದೂ ಕಾರಣವಾಗಬಹುದು.

ಮೂಲ ಕ್ಲಬ್ಬಿನ ವಿರುದ್ಧ ನೀವು ಆಡುವಂತಿಲ್ಲ ಎಂಬ ಷರತ್ತು ಒಪ್ಪಂದದಲ್ಲಿದೆಯೇ ನೋಡಿ. ಇದ್ದರೆ ಆ ದಿನ ನಿಮ್ಮ ಜಾಗದಲ್ಲಿ ನಿಲ್ಲುವವನಿಗೆ ಎರಡು ವಾರ ಮೊದಲೇ ಇದೇ ಕೂಗು, ಇದೇ ಲೈನ್ ಅಭ್ಯಾಸ ಮಾಡಿಸಿ.