ಹೂಬಿಡುವ ಮರಗಳ ಲೆಕ್ಕ ಇಟ್ಟ ಬಗೆ

ವಸಂತ ಯಾವಾಗ ಬರುತ್ತದೆ ಎಂದು ಯಾರಾದರೂ ಕೇಳಿದರೆ, ಯಾವ ಊರಿನ ವಸಂತ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ. ಪಂಚಾಂಗದಲ್ಲಿ ಅದು ಚೈತ್ರ, ವೈಶಾಖ. ಧಾರವಾಡದ ಸೀಮೆಯಲ್ಲಿ ಫೆಬ್ರುವರಿ ಕಳೆಯುವ ಹೊತ್ತಿಗೇ ಮುತ್ತುಗ ಕೆಂಪೇರಿರುತ್ತದೆ. ಮೂಡಿಗೆರೆಯ ಕಾಫಿ ಗಿಡ ಮಳೆ ಬೀಳುವವರೆಗೆ ಮೊಗ್ಗು ಬಿಗಿಹಿಡಿದು ಕೂತಿರುತ್ತದೆ. ಬೆಂಗಳೂರಿನ ಗುಲಾಬಿ ಟಬೂಬಿಯಾ ಕೆಲವು ವರ್ಷ ಡಿಸೆಂಬರಿನಲ್ಲೇ ಒಂದು ಸುತ್ತು ಅರಳಿ ಉದುರಿರುತ್ತದೆ. ಹುಟ್ಟೂರು, ಬೀಗರ ಮನೆ, ಉದ್ಯೋಗ ಎಂದು ಈ ಮೂರೂ ಕಡೆ ನನಗೆ ಓಡಾಟವಿದೆ. ಹಾಗಾಗಿ ವರ್ಷಗಳಿಂದ ಒಂದು ನೋಟ್‌ಬುಕ್ಕಿನಲ್ಲಿ ಹೂವಿನ ಲೆಕ್ಕ ಬರೆಯುತ್ತಾ ಬಂದಿದ್ದೇನೆ.

ಕ್ರಮ ಸರಳ. ದಿನವೂ ಹೋಗುವ ದಾರಿಯಲ್ಲೇ ಮರಗಳನ್ನು ಆರಿಸಿಕೊಂಡು ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟೆ. ಭಾನುವಾರ ಬೆಳಗ್ಗೆ ಅವುಗಳನ್ನು ನೋಡಿ ಚಿಗುರು, ಮೊಗ್ಗು, ಅರಳಿದ ಹೂ, ಕಾಯಿ ಎಂಬ ನಾಲ್ಕು ಕಾಲಂಗಳಲ್ಲಿ ‘ಇಲ್ಲ’, ‘ಸ್ವಲ್ಪ’, ‘ತುಂಬಾ’ ಎಂದು ಬರೆಯುತ್ತೇನೆ. ಮರಗಳ ಋತುಚಕ್ರವನ್ನು ಸಾರ್ವಜನಿಕರಿಂದಲೇ ದಾಖಲಿಸುವ ಸೀಸನ್‌ವಾಚ್ ಎಂಬ ಯೋಜನೆ ನಮ್ಮ ದೇಶದಲ್ಲಿದೆ. ವಾರಕ್ಕೊಮ್ಮೆ ಅದೇ ಮರವನ್ನು ನೋಡುವ ಪದ್ಧತಿಯನ್ನು ಅಲ್ಲಿಂದಲೇ ಕಲಿತೆ. ಹೂವಿಲ್ಲದ ವಾರ ‘ಇಲ್ಲ’ ಎಂದು ಬರೆಯುವುದು ಬಹಳ ಮುಖ್ಯ. ಅದಿಲ್ಲದಿದ್ದರೆ ಹೂ ಶುರುವಾದ ವಾರ ಯಾವುದೆಂದು ಮುಂದೆ ಗೊತ್ತಾಗುವುದಿಲ್ಲ. ಎತ್ತರದ ಮರವಾದರೆ ಮೊದಲು ಬುಡ ನೋಡುತ್ತೇನೆ. ನೆತ್ತಿಯ ಹೂ ಕಣ್ಣಿಗೆ ಬೀಳದಿದ್ದರೂ ನೆಲದ ಮೇಲೆ ಬಿದ್ದ ಎಸಳು ಸಾಕ್ಷಿ ಹೇಳುತ್ತದೆ.

ದಿನಾಂಕದ ಜೊತೆ ತಿಥಿಯನ್ನೂ ಬರೆಯುತ್ತೇನೆ. ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2026ರಲ್ಲಿ ಮಾರ್ಚ್ 19ಕ್ಕೆ. ನಡುವೆ ಮೂರು ವಾರಗಳ ಅಂತರ. ಚಂದ್ರಮಾನದ ತಿಂಗಳು ಹಿಂದೆ ಮುಂದೆ ಸರಿದಂತೆ ಹೊಂಗೆ ತನ್ನ ಹೂವನ್ನು ಸರಿಸುವುದಿಲ್ಲ. ‘ಈ ಸಲ ಹಬ್ಬಕ್ಕೆ ಬೇವಿನ ಹೂ ಸಿಗಲೇ ಇಲ್ಲ’ ಎಂದು ಮನೆಯವರು ಹೇಳಿದಾಗ, ತಡವಾದದ್ದು ಮರವೋ, ಮುಂಚೆ ಬಂದದ್ದು ಹಬ್ಬವೋ ಎಂದು ಈ ಎರಡು ಕಾಲಂ ನೋಡಿ ತಿಳಿಯಬಹುದು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಮುತ್ತುಗ. ಧಾರವಾಡದಿಂದ ಹಳಿಯಾಳದ ಕಡೆ ಹೋಗುವಾಗ ನಿಲ್ಲಿಸಿ ನೋಡಬೇಕು. ಎಲೆಯೆಲ್ಲ ಉದುರಿದ ಸೊಟ್ಟ ಕೊಂಬೆಗಳ ಮೇಲೆ ಮೊದಲು ಕಾಣುವುದು ಕಪ್ಪು ಗಂಟುಗಳು. ಬೆರಳಿನಿಂದ ಸವರಿದರೆ ಮಖಮಲ್ಲು. ಅದು ಪುಷ್ಪಪಾತ್ರೆ, ಹೂವನ್ನು ಹಿಡಿದಿಡುವ ಬಟ್ಟಲು. ಅದರೊಳಗಿನಿಂದ ಕಿತ್ತಳೆಗೆಂಪಿನ ಎಸಳುಗಳು ಹೊರಬರುತ್ತವೆ. ಅವುಗಳ ಹೊರಮೈಯ ತುಂಬ ಬೆಳ್ಳಿಯಂಥ ನವಿರು. ಒಂದು ಎಸಳು ಗಿಳಿಯ ಕೊಕ್ಕಿನಂತೆ ಬಾಗಿ ಕೇಸರಗಳನ್ನು ಮುಚ್ಚಿಕೊಂಡಿರುತ್ತದೆ. ಮೈನಾ, ಸೂರಕ್ಕಿಗಳು ಮಕರಂದಕ್ಕೆ ಬರುತ್ತವೆ. ಅಳಿಲುಗಳೂ ಬರುತ್ತವೆ. ಅರ್ಧ ಗಂಟೆ ಅಲ್ಲೇ ನಿಂತು ಯಾವ ಹಕ್ಕಿ ಬಂತು, ಎಷ್ಟು ಹೊತ್ತಿತ್ತು ಎಂದು ಬರೆಯುವುದು ನನ್ನ ಇಡೀ ವರ್ಷದ ಅತ್ಯಂತ ಸಂತೋಷದ ಕೆಲಸ. ಈ ಮರದ ಎಲೆಯಲ್ಲಿ ಉಂಡವರು ಬಹಳ ಜನರಿದ್ದಾರೆ. ಹೂವನ್ನು ಕೈಯಲ್ಲಿ ಹಿಡಿದು ನೋಡಿದವರು ಅಷ್ಟಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಮಲೆನಾಡಿನ ಲೆಕ್ಕವೇ ಬೇರೆ. ಕಾಫಿಯ ಮೊಗ್ಗು ಒಣಹವೆಯಲ್ಲಿ ಬೆಳೆದು ಒಂದು ಹಂತಕ್ಕೆ ನಿಂತುಬಿಡುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಯಾವಾಗಲೋ ಸುರಿಯುವ ಹೂಮಳೆ ಅದನ್ನು ಎಬ್ಬಿಸಬೇಕು. ಬೆಳೆಗಾರರು ಮಳೆಯನ್ನು ಇಂದಿಗೂ ಇಂಚು, ಸೆಂಟ್ಸಿನಲ್ಲೇ ಹೇಳುತ್ತಾರೆ. ನೂರು ಸೆಂಟ್ಸ್ ಅಂದರೆ ಒಂದು ಇಂಚು. ಒಳ್ಳೆಯ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಒಂದೇ ಬಾರಿಗೆ ಬೆಳ್ಳಗಾಗುತ್ತದೆ. ಮೂರು ನಾಲ್ಕು ದಿನಕ್ಕೆ ಹೂ ಬಾಡಿ ಕಂದಾಗುತ್ತದೆ. ಭಾನುವಾರಕ್ಕೆ ಕಾದು ಕೂತರೆ ಇದು ಸಿಗುವುದಿಲ್ಲ. ಆದ್ದರಿಂದ ಮೂಡಿಗೆರೆಯಲ್ಲಿ ಮಳೆ ಬಿದ್ದ ರಾತ್ರಿಯೇ ಬೀಗರಿಗೆ ಫೋನ್ ಮಾಡಿ ಎಷ್ಟು ಸೆಂಟ್ಸ್ ಎಂದು ಕೇಳಿ ಬರೆದುಕೊಂಡು, ದಿನ ಎಣಿಸಿ ಬಸ್ಸು ಹತ್ತುತ್ತೇನೆ. ರೋಬಸ್ಟಾ ಎಂಬ ಬಗೆಯ ಕಾಫಿ ತೋಟಗಳಿಗೆ ಈಗ ಸ್ಪ್ರಿಂಕ್ಲರ್‌ನಲ್ಲಿ ನೀರು ಹಾಯಿಸಿ ಹೂ ಬಿಡಿಸುತ್ತಾರೆ. ಅಂಥ ತೋಟದ ದಾಖಲೆಯ ಪಕ್ಕ ‘ಸ್ಪ್ರಿಂಕ್ಲರ್’ ಎಂದು ಬರೆಯಲೇಬೇಕು. ಇಲ್ಲವಾದರೆ ಆಕಾಶದ ಲೆಕ್ಕಕ್ಕೆ ಪಂಪ್‌ಸೆಟ್ಟಿನ ಲೆಕ್ಕ ಬೆರೆತುಹೋಗುತ್ತದೆ.

ಬೆಂಗಳೂರಿನದು ನೆಟ್ಟು ಬೆಳೆಸಿದ ವಸಂತ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಶುರುವಾಗುವಂತೆ ಬೀದಿ ಮರಗಳನ್ನು ಆರಿಸಬೇಕೆಂಬ ಕಲ್ಪನೆ ತಂದವರು. ಟಬೂಬಿಯಾ, ಜಕರಂದ ಅಮೆರಿಕ ಖಂಡಗಳವು, ಗುಲ್‌ಮೊಹರ್ ಮಡಗಾಸ್ಕರಿನದು. ಅವುಗಳ ಚೆಲುವಿನ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮೊಬೈಲ್ ಹಿಡಿದು ಗುಲಾಬಿ ಮರದ ಕೆಳಗೆ ಸಾಲುಗಟ್ಟುವವರು ಪಕ್ಕದ ಹೊಂಗೆಯನ್ನೂ ನೋಡಲಿ ಎಂದು ಮನಸ್ಸು ಬಯಸುತ್ತದೆ. ತಿಳಿನೇರಳೆ ಬೆರೆತ ಬಿಳಿ ಹೂ ರಾತ್ರಿಯೆಲ್ಲ ಉದುರಿ ಕಾಲುದಾರಿ ಮುಚ್ಚಿರುತ್ತದೆ. ಕೊಂಬೆಯ ತುಂಬ ಜೇನ್ನೊಣಗಳ ಸದ್ದು.

ಹೊಸದಾಗಿ ಲೆಕ್ಕ ಇಡಲು ಕೇಳುವವರಿಗೆ ಬಯಲುಸೀಮೆಯಲ್ಲಿ ಮುತ್ತುಗ, ಪೇಟೆಯಲ್ಲಿ ಹೊಂಗೆ, ಎಲ್ಲ ಕಡೆಯೂ ಕಕ್ಕೆ ಹೇಳುತ್ತೇನೆ. ಕಕ್ಕೆಯ ಹಳದಿ ಗೊಂಚಲು ಏಪ್ರಿಲ್, ಮೇ ತಿಂಗಳಲ್ಲಿ ದೂರದಿಂದಲೇ ಕಾಣುವುದರಿಂದ ಮಕ್ಕಳಿಗೂ ಸುಲಭ. ಉತ್ತರ ಕನ್ನಡದವರಾದರೆ ಸುರಗಿ ಹಿಡಿಯಿರಿ. ಅದರ ಮೊಗ್ಗನ್ನು ಜನ ಅರಳುವ ಮೊದಲೇ ಬಿಡಿಸಿಕೊಳ್ಳುವುದರಿಂದ, ಮರವನ್ನು ಬೆಳಕು ಹರಿಯುವಾಗಲೇ ನೋಡಬೇಕು, ಬಿಡಿಸಿದವರನ್ನೂ ವಿಚಾರಿಸಬೇಕು.